ನೆಲುವಿನ ಗಡಿಗೆ ಚೆಲ್ಲಿತೇ?

ಪ್ರೀತಿಯ ಮೊಮ್ಮಕ್ಕಳಿಗೆ ಅಜ್ಜನ ಆಶೀರ್ವಾದಗಳು. ಅರ್ಜಿಗಳನ್ನಲ್ಲದೆ ಬೇರೇನನ್ನೂ ನಾನು ಈವರೆಗೆ ಬರೆದವನಲ್ಲ. ಅಕ್ಷರ ವಕ್ರವಾಗಿದ್ದಲ್ಲಿ, ಕಾಗುಣಿತ ತಪ್ಪಿದ್ದಲ್ಲಿ ದಯವಿಟ್ಟು ಮನ್ನಿಸತಕ್ಕದ್ದು.

ನಾನು ಚಿಕ್ಕವನಿದ್ದಾಗ, ಶಿರಸಿ ತಾಲೂಕಿನ ಮೂಡಣಕ್ಕೆ ಬನವಾಸಿ ಕಡೆಯ ನಮ್ಮ ಹಳ್ಳಿಯಲ್ಲಿ, ಒಂದು ಬೆಳಗಿನ ಜಾವ ಭೂಮಿ ನಡುಗಿತು. ಹಂಚುಗಳು ಹಲ್ಲು ಕಡಿದಂತೆ ಸದ್ದು ಮಾಡಿದವು. ಆಮೇಲೆ ಧೊಪ್ಪೆಂದು ಒಂದು ಶಬ್ದ, ಬಾಯಿ ತುಂಬ ಮಣ್ಣು. ಪಡಸಾಲೆಯ ಹೊಸ ಗೋಡೆ ಅದರ ಬುಡದಲ್ಲಿ ಮಲಗಿದ್ದ ಅಜ್ಜಿಯ ಮೇಲೆ ಬಿದ್ದಿತ್ತು. ಅಜ್ಜಿ ತೀರಿಕೊಂಡಳು. ನನಗೆ ಅಳು ಬರಲಿಲ್ಲ. ಧೂಳು ಉಗುಳುತ್ತ ನಿಂತಿದ್ದೆ, ಅಷ್ಟೇ.

ಆ ಗೋಡೆಯನ್ನು ಹಾಕಿದವನು ಅಪ್ಪ. ಮಣ್ಣಿನ ಗೋಡೆಯನ್ನು ಒಂದು ಮೊಳ ಏರಿಸಿ, ಅದು ಒಣಗಿದ ಮೇಲೆಯೇ ಮುಂದಿನ ಮೊಳ ಏರಿಸುವುದು ನಮ್ಮ ಕಡೆಯ ಪದ್ಧತಿ. ಮಳೆಗಾಲ ಹತ್ತಿರ ಬಂದಿದ್ದರಿಂದ ಅಪ್ಪ ಕಾಯಲಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು. ಯಾರೂ ಆ ಮಾತು ಆಡಲಿಲ್ಲ.

ಕೆಲವು ದಿನಗಳ ನಂತರ ಸರಕಾರದ ಕಡೆಯ ಸಾಹೇಬರೊಬ್ಬರು ನಮ್ಮ ಜಗಲಿಗೆ ಬಂದರು. ಭೂಮಿ ಎಲ್ಲೆಲ್ಲಿ ಎಷ್ಟು ನಡುಗಿತೆಂದು ಬರೆದುಕೊಳ್ಳುವುದು ಅವರ ಕೆಲಸ. ವಜ್ರಳ್ಳಿ, ನಿಲ್ಕುಂದ ಊರುಗಳಲ್ಲಿ ಕೇಳಿದ್ದನ್ನೇ ಇಲ್ಲಿಯೂ ಕೇಳಿದರು. ಮಲಗಿದವರಿಗೆ ಎಚ್ಚರವಾಯಿತೇ? ಜಂತಿಗೆ ಹಗ್ಗ ಕಟ್ಟಿ ತೂಗುಬಿಟ್ಟ ನೆಲುವಿನಲ್ಲಿ ಮಜ್ಜಿಗೆ ಗಡಿಗೆ ತೂಗಾಡಿತೇ? ಚೆಲ್ಲಿತೇ?

ನೆರೆಮನೆಯ ದೊಡ್ಡಪ್ಪ ಮುಂದೆ ಬಂದ. "ಚೆಲ್ಲೂದೇನ್ರಿ ಸಾಹೇಬ್ರ, ಗಡಿಗೀನ ಒಡದ ಹೋತು! ನಿಂತಾಂವ ನಾ ದಪ್ ಅಂತ ಬಿದ್ದೆ."

"ಭೂಮಿ ನಡುಗದಿದ್ರೂ ನೀವು ಬೀಳಾವ್ರ," ಎಂದು ದೊಡ್ಡವ್ವ ಗೊಣಗಿದಳು. ಆಮೇಲೆ ಅಪ್ಪನ ಮುಖ ನೋಡಿ, "ಗಡಿಗಿ ಒಡದದ್ದು ಖರೇರಿ," ಎಂದಳು.

ದೊಡ್ಡಪ್ಪನ ಮನೆಯ ಅದೇ ಗಡಿಗೆಯ ಮಜ್ಜಿಗೆಯನ್ನು ಅಕ್ಕ, ಸಾಹೇಬರು ಬಂದ ದಿನ ಬೆಳಿಗ್ಗೆಯೇ ಕೇಳಿ ತಂದಿದ್ದಳು. ಜಗಲಿಯಲ್ಲಿ ಸೇರಿದ್ದ ಉಳಿದವರೂ ತಮ್ಮ ತಮ್ಮ ಗಡಿಗೆಗಳನ್ನು ಮಾತಿನಲ್ಲೇ ಒಡೆದರು. ಭೂಮಿ ಅಷ್ಟು ಜೋರಾಗಿ ನಡುಗಿತ್ತೆಂದಾದರೆ, ಗೋಡೆ ಬಿದ್ದದ್ದು ಅಪ್ಪನ ತಪ್ಪಾಗುತ್ತಿರಲಿಲ್ಲ.

ಸಾಹೇಬರು ಲೇಖನಿ ಕೆಳಗಿಟ್ಟರು. "ಸುತ್ತಲ ಊರುಗಳಲ್ಲಿ ಹನಿ ಮಜ್ಜಿಗೆ ಚೆಲ್ಲಿಲ್ಲ. ಇಲ್ಲಿ ಮಾತ್ರ ಗಡಿಗೆ ಒಡೆಯಿತು ಅಂತ ಬರೆದರೆ, ನಾಳೆ ಇಲ್ಲಿ ಶಾಲೆ, ಸೇತುವೆ ಕಟ್ಟುವವರು ಯಾವುದನ್ನು ನಂಬಬೇಕು?"

ಅಪ್ಪ ಕಂಬಕ್ಕೊರಗಿ ಕುಳಿತಿದ್ದ. ಅವನ ಉಗುರುಗಳಲ್ಲಿ ಕೆಮ್ಮಣ್ಣು ಇನ್ನೂ ಇತ್ತು.

"ಗಡಿಗಿ ತೂಗ್ಯಾಡ್ತುರಿ, ಚೆಲ್ಲಲಿಲ್ಲ," ಎಂದ. "ಯಾರ ಮನ್ಯಾಗೂ ಚೆಲ್ಲಿಲ್ಲ. ನಮ್ಮ ಗ್ವಾಡಿ ಹಸಿ ಇತ್ತರಿ. ಬರಕೋರಿ."

"ಏ ಹುಚ್ಚಾ, ಸುಮ್ನಿರೋ," ಎಂದ ದೊಡ್ಡಪ್ಪ.

ಸಾಹೇಬರು ಲೇಖನಿ ಎತ್ತಿಕೊಂಡರು. ಅಪ್ಪ ಹೇಳಿದಂತೆಯೇ ಬರೆದರು. ಕಾಗದದ ಮೇಲೆ ಲೇಖನಿ ಕೆರೆಯುವ ಸದ್ದು ನನಗೆ ಕೇಳಿಸಿತು. ಅಕ್ಕ ಬೆಲ್ಲ, ನೀರು ತಂದಿಟ್ಟಳು. ಅವರು ನೀರು ಕುಡಿದು ಎದ್ದರು. ಅಪ್ಪ ಕಂಬ ಬಿಟ್ಟು ಏಳಲಿಲ್ಲ.

ಮಕ್ಕಳೇ, ಈಗ ಭೂಮಿ ಅಲುಗಿದರೆ ಇಂಥವೇ ಪ್ರಶ್ನೆಗಳು ನಿಮ್ಮ ಮೊಬೈಲಿಗೇ ಬರುತ್ತವೆಂದು ತಿಳಿದುಬಂದಿರುತ್ತದೆ. ನೀವು ಬೆರಳೊತ್ತಿ ಆಟಕ್ಕೆ ಓಡುತ್ತೀರಿ. ಓಡಿ, ಅದರಲ್ಲಿ ತಪ್ಪೇನಿಲ್ಲ. ನಮ್ಮ ಕಾಲದಲ್ಲಿ ಆ ಪ್ರಶ್ನೆ ಜಗಲಿಯ ಮೇಲೆ ಎದುರಿಗೇ ಕುಳಿತು, ಉತ್ತರ ಬರುವ ತನಕ ಕಾಯುತ್ತಿತ್ತು.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ತಿದ್ದಿಕೊಳ್ಳಬೇಕಾಗಿ ವಿನಂತಿ. ಅಪ್ಪ ಹೇಳಿದ ಮಾತನ್ನು ಮಾತ್ರ ಇದ್ದಂತೆಯೇ ಬಿಡಿ.