ಬಂಗಲೆಗೆ ಜೊತೆ ಬಂದ ರಾಜೀವಿ ಟೀಚರ್

ರಾಜೀವಿ ಟೀಚರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಯಾವುದೋ ಜ್ವರ ಬಂದು ಅವರ ಬಲಗಿವಿ ಹೋಗಿತ್ತು. ತಮ್ಮ ಸ್ವರ ಎಷ್ಟು ದೊಡ್ಡದೆಂದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಮೊಗ್ರಾಲಿನ ನಮ್ಮ ಶಾಲೆ ರೈಲುಹಳಿಗೆ ಹತ್ತಿರದಲ್ಲಿತ್ತು. ಗಾಡಿ ಹೋಗುವಾಗ ಉಳಿದ ಮಾಸ್ಟ್ರುಗಳು ಪಾಠ ನಿಲ್ಲಿಸಿ ಕಾಯುತ್ತಿದ್ದರು. ಟೀಚರು ಮಾತ್ರ ಗಾಡಿ ಬಂದದ್ದನ್ನೇ ಗಮನಿಸದೆ ಮಗ್ಗಿ ಹೇಳಿಸುತ್ತಿದ್ದರು, ಅದು ನಮಗೆ ಕೇಳುತ್ತಲೂ ಇತ್ತು. ಒಮ್ಮೆ ಸಾವಿನ ಮನೆಯಲ್ಲಿ ಪಕ್ಕದವರ ಕಿವಿಗೆ ಬಾಗಿ, "ಮುದುಕ ಯಾರಿಗೂ ತೋಟದ ಒಂದು ಬೊಂಡ ಕೊಟ್ಟವನಲ್ಲ" ಎಂದು ಗುಟ್ಟು ಹೇಳಿದರಂತೆ. ಹೆಣದ ಬಳಿ ಅಳುತ್ತಿದ್ದ ಮಗಳು ಅಳು ನಿಲ್ಲಿಸಿ ತಿರುಗಿ ನೋಡಿದಳಂತೆ.

ಗಿಡ್ಡ ಆಳು, ಕೈಮಗ್ಗದ ಬಿಳಿ ಸೀರೆ, ಸದಾ ಅವಸರದ ನಡಿಗೆ. ಗಂಡ ಬೊಂಬಾಯಿಗೆ ಹೋದವನು ಅಲ್ಲೇ ಉಳಿದುಬಿಟ್ಟಿದ್ದ. ಯಾರಾದರೂ ಆ ಮಾತೆತ್ತಿದರೆ, "ಅಲ್ಲಿಗೆ ನನ್ನ ಸ್ವರ ಕೇಳುವುದಿಲ್ಲ, ಅದಕ್ಕೇ ಸುಖ ಉಂಟು ಅವರಿಗೆ" ಎಂದು ತಾವೇ ನಗುತ್ತಿದ್ದರು. ಶಾಲೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು.

ಕಾಸರಗೋಡು ಕೇರಳಕ್ಕೆ ಸೇರುವ ಮೊದಲಿನ ವರ್ಷಗಳವು. ಕಾಲೇಜೆಂದರೆ ನಮಗೆ ಮಂಗಳೂರು. ಹೈಸ್ಕೂಲು ಮುಗಿಸಿದ ಬಡಮಕ್ಕಳಿಗೆ ಫೀಸು ಮಾಫಿ ಕೇಳಲು, ಹಾಸ್ಟೆಲಿನ ಖರ್ಚಿಗೆ ಸಹಾಯ ಕೇಳಲು ಟೀಚರೇ ಅರ್ಜಿ ಬರೆದುಕೊಡುತ್ತಿದ್ದರು. ಫಲಿತಾಂಶ ಬಂದ ವಾರ ಅವರ ಜಗಲಿಯಲ್ಲಿ ಜನವೋ ಜನ. "ಬಾಯಿ ಇದ್ದವ ಬರಗಾಲದಲ್ಲೂ ಬದುಕ್ತಾನೆ. ಕೇಳಬೇಕು ಮಕ್ಕಳೇ, ನಾಚಿಕೆ ಎಂತಕ್ಕೆ?" ಎನ್ನುವ ಅವರ ಮಾತು ರಸ್ತೆಗೆ ಕೇಳುತ್ತಿತ್ತು.

ಆದರೆ ಒಂದು ವರ್ಷ ಅವರು ಆ ಮಾತು ಹೇಳುವುದನ್ನು ನಿಲ್ಲಿಸಿಬಿಟ್ಟರು. ಅದು ಗುಲಾಬಿ ಮರಳಿ ಬಂದ ವರ್ಷ.

ಗುಲಾಬಿ ನನಗಿಂತ ಎರಡು ಕ್ಲಾಸು ಮುಂದಿದ್ದವಳು, ಟೀಚರ ಅಚ್ಚುಮೆಚ್ಚಿನವಳು. ಹೊಳೆಯ ಆಚೆ ಬದಿಯಲ್ಲಿ ಮರದ ಡಿಪ್ಪೋ ಇಟ್ಟಿದ್ದ ಶ್ರೀಮಂತರೊಬ್ಬರಿದ್ದರು. ಊರವರಿಗೆ ಅವರು ಡಿಪ್ಪೋ ಧನಿಗಳು. ಪ್ರತಿ ಜೂನಿನಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿಗೆ ಅವರು ಸಹಾಯ ಕೊಡುತ್ತಿದ್ದರು. ಗುಲಾಬಿಗೂ ಅವರೇ ಕೊಟ್ಟದ್ದು. ಕಾಲೇಜು ಸೇರಿದ ಕೆಲವೇ ತಿಂಗಳಲ್ಲಿ ಅವಳು ಪೆಟ್ಟಿಗೆ ಹೊತ್ತುಕೊಂಡು ಊರಿಗೆ ಬಂದಳು. ಯಾಕೆಂದು ಹೇಳಲಿಲ್ಲ. ಮನೆಯವರು ಆತುರಾತುರವಾಗಿ ಕೊಡಗಿನ ಕಾಫಿತೋಟದ ಮೇಸ್ತ್ರಿಯೊಬ್ಬನಿಗೆ ಮದುವೆ ಮಾಡಿ ಕಳಿಸಿದರು. ಆ ದಿಬ್ಬಣ ಹೊರಡುವಾಗ ಟೀಚರು ಶಾಲೆಯ ಗೇಟಿನಲ್ಲಿ ನಿಂತು ನೋಡುತ್ತಿದ್ದರು. ದಿಬ್ಬಣ ತಿರುವು ದಾಟಿದ ಮೇಲೆ ಒಳಗೆ ಹೋದರು.

ನಾನು ಹೈಸ್ಕೂಲು ಪಾಸಾದಾಗ ಅಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ಅಮ್ಮ ನಾಲ್ಕು ಮನೆಗಳಿಗೆ ಭತ್ತ ಕುಟ್ಟಿಕೊಟ್ಟು ನನ್ನನ್ನು ಓದಿಸಿದ್ದಳು. ಟೀಚರು ಸರಕಾರಕ್ಕೊಂದು, ಮಂಗಳೂರಿನ ಸಿಸ್ಟರುಗಳ ಕಾಲೇಜಿಗೊಂದು ಅರ್ಜಿ ಬರೆದು, "ಕಾಯುವ" ಎಂದರು. ಕಾಯುವ ತಾಳ್ಮೆ ಅಮ್ಮನಿಗಿರಲಿಲ್ಲ. ಡಿಪ್ಪೋದ ಲೆಕ್ಕ ಬರೆಯುವ ರೈಟರು ನಮ್ಮ ದಾರಿಯಲ್ಲೇ ಹೋಗಿ ಬರುವವರು. ಅವರ ಹತ್ತಿರ ಹೇಳಿಸಿ ಧನಿಗಳಿಗೂ ಒಂದು ಅರ್ಜಿ ಕೊಡಿಸಿಬಿಟ್ಟಳು. ಮೂರನೇ ದಿನಕ್ಕೆ ರೈಟರು ಬಂದು, "ಹುಡುಗಿಯನ್ನು ಬಂಗಲೆಗೆ ಬರ್ಲಿಕ್ಕೆ ಹೇಳಿದ್ದಾರೆ. ಧನಿಗಳು ಕಣ್ಣಾರೆ ನೋಡದೆ ಕೊಡುವುದಿಲ್ಲ" ಎಂದರು.

ಸುದ್ದಿ ಕೇಳಿದ ಟೀಚರು ಮಳೆಯಲ್ಲೇ ಅಮ್ಮನ ಹತ್ತಿರ ಓಡಿ ಬಂದರು.

"ಕಲ್ಯಾಣಿ ಅಕ್ಕ, ಅಲ್ಲಿಗೆ ಬೇಡ."

"ಯಾಕೆ ಬೇಡ? ಊರಿನ ಮಕ್ಕಳೆಲ್ಲ ಹೋಗುವುದಿಲ್ವಾ?"

"ಹುಡುಗರು ಹೋಗಲಿ. ಇವಳು ಬೇಡ."

"ಯಾಕೆ ಅಂತ ಹೇಳಿ ಟೀಚರೇ."

ಟೀಚರ ಬಾಯಿ ತೆರೆಯಿತು, ಹಾಗೇ ಮುಚ್ಚಿತು. ಅಷ್ಟು ದೊಡ್ಡ ಸ್ವರದ ಹೆಂಗಸು ಮಾತಿಲ್ಲದೆ ನಿಂತದ್ದನ್ನು ನಾನು ಮೊದಲು ನೋಡಿದ್ದು ಅಂದು.

ಅಮ್ಮನಿಗೆ ಸಿಟ್ಟು ಬಂತು. "ನಿಮಗೆ ಎಂತ, ತಿಂಗಳಿಗೆ ಸಂಬಳ ಉಂಟು. ನನ್ನ ಮಗಳು ಒನಕೆ ಹಿಡಿಯಬೇಕಾ?"

ಟೀಚರು ಸೀರೆಯ ಸೆರಗು ಹಿಂಡಿ ನೀರು ತೆಗೆದರು. "ಹಾಗಾದರೆ ನಾನೂ ಬರ್ತೇನೆ. ನಾನಿಲ್ಲದೆ ಕಳಿಸಬೇಡಿ. ಇಷ್ಟು ಮಾತ್ರ ಮಾತು ಕೊಡಿ" ಎಂದರು.

ಮಧ್ಯಾಹ್ನದ ಮೇಲೆ ಹೊರಟೆವು. ಕಡವಿನಲ್ಲಿ ದೋಣಿ ನಡೆಸುತ್ತಿದ್ದವರು ಮಮ್ಮದ್ಕ. ಹೊಳೆ ಕೆಂಪಗೆ ಏರಿತ್ತು. ಆಚೆ ದಂಡೆಯಲ್ಲಿ ಇಳಿಯುವಾಗ ಟೀಚರು, "ನಾವು ಬರುವ ತನಕ ದೋಣಿ ಕಟ್ಟಬೇಡಿ ಮಮ್ಮದ್ಕ" ಎಂದರು.

"ನೀರು ಏರುತ್ತ ಉಂಟು ಟೀಚರೇ. ಕತ್ತಲಾದ ಮೇಲೆ ನನ್ನ ಕೈಯಲ್ಲಿಲ್ಲ."

ದಂಡೆಯುದ್ದಕ್ಕೂ ಮರದ ದಿಮ್ಮಿಗಳ ರಾಶಿ. ಹುಲ್ಲು ಹೊದಿಸಿದ ಮಾಡಿನಡಿಯಲ್ಲಿ ಆಳುಗಳು ಉದ್ದದ ಗರಗಸದಿಂದ ಹಲಗೆ ಕೊಯ್ಯುತ್ತಿದ್ದರು. ಬಂಗಲೆ ಅಲ್ಲಿಂದ ಕೂಗಳತೆಯಲ್ಲಿತ್ತು. ಧನಿಗಳ ಹೆಂಡತಿ ಮಕ್ಕಳು ಮಂಗಳೂರಿನ ಮನೆಯಲ್ಲಿ, ಇಲ್ಲಿ ಅವರೊಬ್ಬರೇ ಎಂಬುದು ಒಳಗೆ ಕಾಲಿಟ್ಟಾಗ ತಿಳಿಯಿತು. ಮುಚ್ಚಿದ ಬಾಗಿಲುಗಳು, ಹಸಿಮರದ ವಾಸನೆ.

ಧನಿಗಳು ಸಿಡುಕಿನ ಮನುಷ್ಯರಲ್ಲ. ಅಷ್ಟು ಮೃದುವಾಗಿ ಮಾತಾಡುವವರನ್ನು ನಾನು ಕಂಡೇ ಇರಲಿಲ್ಲ. ಅವರ ಮಾತು ಕೇಳಬೇಕಾದರೆ ಹತ್ತಿರ ಹೋಗಿ ನಿಲ್ಲಬೇಕಾಗಿತ್ತು. ನಾನು ಹೋಗಿ ನಿಂತೆ. ಟೀಚರು ನನ್ನ ಜಡೆಯ ತುದಿ ಹಿಡಿದು ಹಿಂದಕ್ಕೆಳೆದು, ತಮ್ಮ ಪಕ್ಕದ ಬೆಂಚಿನಲ್ಲಿ ಕೂರಿಸಿಕೊಂಡರು.

"ಒಳ್ಳೆ ಮಾರ್ಕು ಉಂಟು ಮಗಳೇ. ರೈಟರು ಚೆಕ್ ಪುಸ್ತಕ ಹಿಡಿದುಕೊಂಡು ಕಾಸರಗೋಡಿಗೆ ಹೋಗಿದ್ದಾನೆ. ಈಗ ಬರ್ತಾನೆ. ಕೂತಿರಿ" ಎಂದರು ಧನಿಗಳು.

ಕೂತೆವು. ಧನಿಗಳು ಒಳಗೆ ಹೋದರು, ಬಂದರು, ನನ್ನ ಅಮ್ಮನ ವಿಷಯ ಕೇಳಿದರು, ಮನೆಯಲ್ಲಿ ಗಂಡಸರು ಯಾರಿದ್ದಾರೆಂದು ಕೇಳಿದರು. ಯಾರೂ ಇಲ್ಲವೆಂದೆ. "ಪಾಪ" ಎಂದರು. ಹೊರಗೆ ಬೆಳಕು ಇಳಿಯುತ್ತ ಬಂತು, ರೈಟರು ಬರಲಿಲ್ಲ. ಕಾಫಿ ತಂದ ಕೆಲಸದ ಮುದುಕಿ ನನ್ನ ಮುಂದೆ ಲೋಟ ಇಡುತ್ತ, ತುಟಿ ಅಲುಗಿಸದೆ, "ಕಡವಿನಲ್ಲಿ ದೋಣಿ ಉಂಟಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು. ಟೀಚರ ಬಲಗಿವಿ ಆ ಕಡೆಗಿತ್ತು, ಅವರಿಗೆ ಕೇಳಿಸಲಿಲ್ಲ. ನಾನು ಕಾಫಿ ಮುಟ್ಟಲಿಲ್ಲ.

ಆಮೇಲೆ ಧನಿಗಳು ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತ ಹೇಳಿದರು: "ರೈಟರು ಇನ್ನು ನಾಳೆ ಬೆಳಿಗ್ಗೆಯೇ. ಟೀಚರಿಗೆ ಶಾಲೆ ಉಂಟಲ್ಲ, ಅವರು ಹೊರಡಲಿ. ಹುಡುಗಿ ಇಲ್ಲಿರಲಿ. ಬೆಳಿಗ್ಗೆ ಹಣ ಹಿಡಿದುಕೊಂಡು ನಮ್ಮ ಜನರ ಜೊತೆ ಬರ್ತಾಳೆ."

ಟೀಚರು ಎದ್ದರು. ನನ್ನ ಕೈ ಹಿಡಿದುಕೊಂಡು ಜಗಲಿಗೆ ಬಂದರು. ಅಲ್ಲಿಂದ, ನಮ್ಮ ಶಾಲೆಯಲ್ಲಿ ರೈಲಿನ ಸದ್ದನ್ನೂ ಮೀರಿಸುತ್ತಿದ್ದ ಅದೇ ಸ್ವರದಲ್ಲಿ ಕೇಳಿದರು:

"ಎಂತ ಹೇಳಿದ್ದು ಧನಿಗಳೇ? ಹುಡುಗಿ ರಾತ್ರಿ ಇಲ್ಲಿ ಮಲಗಬೇಕೆಂದಾ? ನಿಮ್ಮ ಹೆಂಡತಿ ಮಕ್ಕಳು ಇಲ್ಲದ ಮನೆಯಲ್ಲಾ? ನನಗೆ ಒಂದು ಕಿವಿ ಕೇಳುವುದಿಲ್ಲ. ಇನ್ನೊಮ್ಮೆ ಹೇಳಿ!"

ಮಾಡಿನಡಿಯ ಗರಗಸ ನಿಂತಿತು. ಆಳುಗಳು ಒಬ್ಬೊಬ್ಬರಾಗಿ ತಲೆಯೆತ್ತಿ ಇತ್ತ ನೋಡಿದರು.

ಧನಿಗಳ ಮುಖ ಬದಲಾಗಲಿಲ್ಲ. ಅದೇ ಮೆಲುದನಿಯಲ್ಲಿ, "ಟೀಚರಿಗೆ ಕಿವಿ ಮಾತ್ರವಲ್ಲ, ಬುದ್ಧಿಯೂ ಸ್ವಲ್ಪ ಕಮ್ಮಿ. ನಿಮ್ಮ ಶಾಲೆಯ ಮೇನೇಜರು ನನಗೆ ಬೇಕಾದವರು" ಎಂದರು.

"ಗೊತ್ತುಂಟು" ಎಂದರು ಟೀಚರು. "ಬಾ ವಾರಿಜಾ."

ಓಡಬೇಡ, ನಡೆ ಎಂದು ಅವರ ಕೈ ನನ್ನ ಕೈಯನ್ನು ಅದುಮುತ್ತಿತ್ತು. ಆಳುಗಳ ನಡುವಿನಿಂದ ನಡೆದೆವು. ಹಿಂದೆ ಯಾರಾದರೂ ಬರುತ್ತಿದ್ದಾರೋ ಎಂದು ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಕಡವಿನಲ್ಲಿ ನೀರು ಕಟ್ಟೆಯ ಮೇಲೆ ಹರಿಯುತ್ತಿತ್ತು. ಮಮ್ಮದ್ಕ ಹಗ್ಗ ಹಿಡಿದುಕೊಂಡು ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದರು.

"ಹೋಗಿಬಿಡುವ ಅಂತಿದ್ದೆ. ನಿಮ್ಮ ಸ್ವರ ಇಲ್ಲಿಗೆ ಕೇಳಿತು. ಬೇಗ ಹತ್ತಿ" ಎಂದರು.

ದೋಣಿಯಲ್ಲಿ ಕೂತ ಮೇಲೂ ಟೀಚರು ನನ್ನ ಕೈ ಬಿಡಲಿಲ್ಲ. ಈ ದಂಡೆ ಮುಟ್ಟುವವರೆಗೂ ಬಂಗಲೆಯ ಕಡೆಗೇ ನೋಡುತ್ತ ಕೂತಿದ್ದರು.

ಆ ಬೊಬ್ಬೆ ನನ್ನನ್ನು ಉಳಿಸಿತು. ಅದೇ ಬೊಬ್ಬೆ ಊರೂರು ತಿರುಗಿ, ನಾನು ಬಂಗಲೆಯಲ್ಲಿ ರಾತ್ರಿ ಕಳೆದೆನೆಂಬ ಸುದ್ದಿಯಾಗಿ ನಮ್ಮ ಮನೆಗೆ ಬಂತು. ಅಮ್ಮ ಟೀಚರ ಜಗಲಿಗೆ ಹೋಗಿ, "ನಿಮ್ಮ ಬಾಯಿಂದ ನನ್ನ ಮಗಳ ಹೆಸರು ಹೋಯಿತು. ನಾಳೆ ಇವಳನ್ನು ಯಾರು ಕಟ್ಟಿಕೊಳ್ತಾರೆ?" ಎಂದು ಎದೆ ಬಡಿದುಕೊಂಡು ಅತ್ತಳು. ಟೀಚರು ತಲೆ ತಗ್ಗಿಸಿ ಕೇಳಿಸಿಕೊಂಡರು. ಮರುದಿನ ಬೆಳಗಿನ ಗಾಡಿಗೆ ಮಂಗಳೂರಿಗೆ ಹೋಗಿ, ಸಿಸ್ಟರುಗಳ ಕಾಲೇಜಿನ ಮುಖ್ಯಸ್ಥೆಯ ಕೋಣೆಯ ಹೊರಗೆ ಸಂಜೆಯವರೆಗೆ ಕೂತರು. ಫೀಸಿನಲ್ಲಿ ಅರ್ಧ ಮಾಫಿ, ಉಳಿದ ಅರ್ಧಕ್ಕೂ ಹಾಸ್ಟೆಲಿನ ಊಟಕ್ಕೂ ಬದಲಾಗಿ ಅಡಿಗೆಮನೆಯಲ್ಲಿ ಕೆಲಸ. ಅಷ್ಟಕ್ಕೆ ಒಪ್ಪಿಸಿಕೊಂಡು ಬಂದರು. ನಾನು ಕಾಲೇಜು ಸೇರಿದ್ದು ಹೀಗೆ.

ಆ ಮಳೆಗಾಲ ಮುಗಿಯುವ ಮೊದಲೇ ಮೇನೇಜರು ಟೀಚರನ್ನು ಕೆಲಸದಿಂದ ತೆಗೆದರು. ಗಂಡ ಬಿಟ್ಟ ಹೆಂಗಸು, ನಡತೆ ಸರಿಯಿಲ್ಲ ಎಂದು ಕಾರಣ ಹೇಳಿದರಂತೆ. ಊರಿನಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಎಷ್ಟೋ ಮನೆಗಳ ಹುಡುಗರು ಧನಿಗಳ ಹಣದಲ್ಲೇ ಓದುತ್ತಿದ್ದರು.

ಅವರನ್ನು ನಾನು ಕೊನೆಯ ಸಲ ಕಂಡದ್ದು ಮಂಗಳೂರಿನ ಬಸ್‌ ನಿಲ್ದಾಣದಲ್ಲಿ. ಕೊಡಗಿನ ತೋಟದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದೆ ಎಂದು ಹಾಸ್ಟೆಲಿಗೆ ಹೇಳಿ ಕಳಿಸಿದ್ದರು. ಸಿಸ್ಟರ ಅಪ್ಪಣೆ ಕೇಳಿ ಓಡಿದೆ. ಸೊರಗಿದ್ದರು. ಒಂದು ಟ್ರಂಕು, ಒಂದು ಚಾಪೆಯ ಸುರುಳಿ.

"ಡಿಪ್ಪೋದಿಂದ ಯಾರಾದರೂ ಹಾಸ್ಟೆಲಿಗೆ ಬಂದದ್ದುಂಟಾ?" ಎಂದು ಮೊದಲು ಕೇಳಿದರು.

ಒಮ್ಮೆ ಬಂದಿದ್ದರು. ರೈಟರು ಬಟ್ಟೆಯ ಕಟ್ಟು ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದರು, ಧನಿಗಳು ಕೊಟ್ಟದ್ದೆಂದು. ನಾನು ಹೋಗಿರಲಿಲ್ಲ. ಅದನ್ನು ಹೇಳಿದೆ.

ಟೀಚರು ನನ್ನನ್ನು ಬಸ್ಸಿನ ಮುಂಭಾಗಕ್ಕೆ ಕರೆದುಕೊಂಡು ಹೋದರು. ಬಸ್ಸಿನ ಇಂಜಿನು ಗಡಗಡ ಶುರುವಾಗುವ ತನಕ ಕಾದು, ಆ ಸದ್ದಿನ ಮರೆಯಲ್ಲಿ ಕಿವಿಗೆ ಬಾಗಿ ನನ್ನೊಬ್ಬಳಿಗೇ ಕೇಳುವಂತೆ ಹೇಳಿದರು: "ಗುಲಾಬಿಯನ್ನು ಆ ಬಂಗಲೆಗೆ ಒಬ್ಬಳನ್ನೇ ಕಳಿಸಿದ್ದು ನಾನು. ಅರ್ಜಿ ಬರೆದದ್ದೂ ನಾನು. ಎರಡು ರಾತ್ರಿ ಅಲ್ಲಿ ನಿಲ್ಲಿಸಿಕೊಂಡರು. ಮತ್ತೆ ಕಾಲೇಜಿಗೂ ಜನ ಕಳಿಸಿದರು, ಬರ್ಲಿಕ್ಕೆ ಹೇಳಿ. ಅವಳು ನನ್ನ ಕಾಲು ಹಿಡಿದು, ಯಾರಿಗೂ ಹೇಳಬೇಡಿ ಟೀಚರೇ ಅಂದಳು. ನಿನ್ನ ಅಮ್ಮ ಕೇಳಿದಾಗ ನಾನು ಎಂತ ಹೇಳಲಿ? ಈಗ ನೀನು ದೊಡ್ಡವಳು. ಹುಡುಗಿಯರು ಕಡವಿಗೆ ಒಬ್ಬರೇ ಬಂದರೆ ನೋಡಿಕೋ. ಅವಳ ಹೆಸರು ಮಾತ್ರ ಹೇಳಬೇಡ."

ನಾನು ಏನಾದರೂ ಹೇಳುವಷ್ಟರಲ್ಲಿ ಕಂಡಕ್ಟರು ಬಾಗಿಲು ಬಡಿದ. ಟೀಚರು ಹತ್ತಿ ಕೂತು ಕಿಟಕಿಯಿಂದ, "ಊಟ ಬಿಡಬೇಡ ಮಾರಾಯ್ತಿ, ಅಡಿಗೆಮನೆಯಲ್ಲೇ ಇದ್ದುಕೊಂಡು ಸಪೂರ ಆಗಿದ್ದಿ!" ಎಂದು ಕೂಗಿದ್ದು ಇಡೀ ನಿಲ್ದಾಣಕ್ಕೆ ಕೇಳಿತು.

ಅವರ ಸಾವಿನ ಸುದ್ದಿ ತಂದವಳು ಗುಲಾಬಿ. ಮುಂದಿನ ವರ್ಷ ರಜೆಯಲ್ಲಿ ನಾನು ಮನೆಯಲ್ಲಿದ್ದಾಗ ಮಗುವನ್ನು ಎತ್ತಿಕೊಂಡು ಬಂದಳು. ಟೀಚರು ಅವಳಿದ್ದ ತೋಟದ ಕೆಲಸಗಾರರ ಲೈನುಮನೆಯ ಹತ್ತಿರದ ಶಾಲೆಯನ್ನೇ ಹುಡುಕಿಕೊಂಡು ಹೋಗಿದ್ದರಂತೆ. ಮಲೇರಿಯಾ ಹಿಡಿಯಿತು. ಕೊನೆಯ ದಿನಗಳಲ್ಲಿ ಗುಲಾಬಿಯೇ ಆರೈಕೆ ಮಾಡಿದಳು. ನನಗೆ ವಿಷಯ ತಿಳಿದದ್ದನ್ನು ಟೀಚರೇ ಅವಳಿಗೆ ಹೇಳಿದ್ದರಂತೆ.

"ಜ್ವರ ತಲೆಗೇರಿ ಬಾಯಿಗೆ ಬಂದದ್ದೆಲ್ಲ ಹೇಳಿದರು" ಎಂದಳು. "ಧನಿಗಳನ್ನು ಬೈದರು, ದೋಣಿ ಕಟ್ಟಬೇಡಿ ಅಂದರು. ಸುತ್ತಲಿನ ಲೈನಿನವರೆಲ್ಲ ಬಾಗಿಲಲ್ಲಿ ನಿಂತು ಕೇಳ್ತಿದ್ದರು. ನನ್ನ ಗಂಡನೂ ಇದ್ದ. ನನಗೆ ಜೀವ ಬಾಯಿಗೆ ಬಂದಿತ್ತು. ನನ್ನ ಹೆಸರು ಒಂದು ಬರಲಿಲ್ಲ ವಾರಿಜಾ."

ಒಳಗಿದ್ದ ಅಮ್ಮ ಕೇಳಿಸಿಕೊಂಡಳೆಂದು ತೋರುತ್ತದೆ. ಒನಕೆಯ ಸದ್ದು ನಿಂತಿತು, ಬಹಳ ಹೊತ್ತು ಮತ್ತೆ ಶುರುವಾಗಲಿಲ್ಲ.

ಫಲಿತಾಂಶ ಬಂದ ವಾರವದು. ಸಂಜೆ ಗುಲಾಬಿ ಏನೋ ನಿಶ್ಚಯಿಸಿದವಳಂತೆ ಎದ್ದು, "ಕಡವಿಗೆ ಹೋಗುವ, ಬಾ" ಎಂದಳು. ಅಲ್ಲಿ ಒಬ್ಬ ಹೆಂಗಸು, ಹದಿನಾರರ ಮಗಳು. ಮಗಳ ಕೈಯಲ್ಲಿ ಅರ್ಜಿ. "ನೀನು ಹೋಗಿ ಬಾ, ನಾನು ಇಲ್ಲೇ ಕಾಯ್ತೇನೆ" ಎಂದು ತಾಯಿ ಹೇಳುತ್ತಿದ್ದಳು. ಗುಲಾಬಿ ಮಗುವನ್ನು ನನ್ನ ಕೈಗೆ ಕೊಟ್ಟು ಅವರ ಹತ್ತಿರ ಹೋದಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಹೇಳಿದ್ದು ಸ್ವಲ್ಪವೇ. ತಾಯಿ ಅವಳ ಮುಖವನ್ನೇ ನೋಡುತ್ತಿದ್ದು, ಮಗಳ ರಟ್ಟೆ ಹಿಡಿದುಕೊಂಡು ದಂಡೆ ಹತ್ತಿ ಹೋದಳು. ಮಮ್ಮದ್ಕ ಆ ಸಲ ಖಾಲಿ ದೋಣಿ ದಾಟಿಸಿದರು. ಆಚೆ ದಂಡೆಯಲ್ಲಿ ರೈಟರು ಕೊಡೆ ಬಿಡಿಸಿಕೊಂಡು ಕಾಯುತ್ತ ನಿಂತಿದ್ದರು.