ರೀಟಾಳ ಅಟ್ಟದ ಸಿಮೆಂಟು

ಕಾತರಿನಾ ಬೇರೆಯವರ ಮನೆಗೆ ಸ್ಲ್ಯಾಬ್ ಹಾಕುತ್ತಲೇ ತಲೆಗೂದಲು ನರೆಸಿಕೊಂಡವಳು. ಹಳಿಯಾಳದ ಹೊಸ ಬಡಾವಣೆ, ದಾಂಡೇಲಿಯ ಲಾಡ್ಜು, ಗಣೇಶಗುಡಿಯ ಹೋಂಸ್ಟೇ, ರಾಮನಗರದ ಅಂಗಡಿ ಸಾಲು, ಎಲ್ಲಾ ಕಡೆ ಅವಳ ತಲೆಯ ಮೇಲಿನ ಬುಟ್ಟಿ ಹೋಗಿ ಬಂದಿದೆ. ಸ್ವಂತದ್ದು ಮಾತ್ರ ಮಣ್ಣಿನ ಗೋಡೆ, ಅಲ್ಲಲ್ಲಿ ಒಡೆದ ಹೆಂಚು. ಯಾರಾದರೂ ಇದನ್ನು ಅವಳೆದುರೇ ಹೇಳಿ ಲೊಚಗುಟ್ಟಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ನನಗೂ ಬರುತ್ತದೆ. ಕನಿಕರ ತೋರಿಸುವವರು ಒಂದು ಹೆಂಚನ್ನಾದರೂ ತಂದುಕೊಟ್ಟದ್ದನ್ನು ನಾನು ನೋಡಿಲ್ಲ.

ನಾನು ಶಿವಗಂಗವ್ವ, ಅವಳ ಊರಿನ ಹಿಟ್ಟಿನ ಗಿರಣಿಯವಳು. ನಮ್ಮ ಲಿಂಗಾಯತರ ಓಣಿ ಮುಗಿದು ಸಿದ್ದಿಗಳ ಓಣಿ ಶುರುವಾಗುವಲ್ಲಿ ನನ್ನ ಗಿರಣಿ ಇದೆ. ಜೋಳ, ಗೋವಿನಜೋಳ, ಅಕ್ಕಿ ಏನು ಬೀಸಬೇಕಾದರೂ ಎರಡೂ ಓಣಿಯವರು ನನ್ನ ಕಟ್ಟೆಯ ಮೇಲೆ ಕೂರಲೇಬೇಕು. ಹಾಗಾಗಿ ಯಾರ ಮನೆಯ ಸುದ್ದಿಯನ್ನೂ ನಾನು ಹುಡುಕಿಕೊಂಡು ಹೋಗಿಲ್ಲ, ಅದೇ ನಡೆದು ಬಂದಿದೆ. ಸಿದ್ದಿ ಓಣಿಯ ಕಾತರಿನಾ ಮನೆಯಲ್ಲಿ ಕೊಂಕಣಿ ಆಡುತ್ತಾಳೆ, ನನ್ನ ಹತ್ತಿರ ನನ್ನ ಭಾಷೆಯನ್ನು ನನಗಿಂತ ಜೋರಾಗಿ ಆಡುತ್ತಾಳೆ.

ಅವಳ ತಂಡಕ್ಕೆ ರೋಹಿದಾಸ ಗೌಂಡಿ, ಗಾರೆ ಕೆಲಸದ ಮೇಸ್ತ್ರಿ. ಅವಳ ಓಣಿಯವನೇ ಆದ ಕಾಶೀಮ ಮಿಕ್ಸರ್ ನಡೆಸುವವನು. ಉಳಿದವರು ಸುತ್ತಲಿನ ಹಳ್ಳಿಗಳಿಂದ ಬಂದು ಬುಟ್ಟಿ ಹೊರುತ್ತಾರೆ. ಒಬ್ಬರು ಚರ್ಚಿಗೆ, ಒಬ್ಬರು ಮಸೀದಿಗೆ, ಒಬ್ಬರು ಗುಡಿಗೆ ಹೋಗುವವರು, ಕೆಲಸಕ್ಕೆ ಮಾತ್ರ ಎಲ್ಲರೂ ಒಂದೇ ಟೆಂಪೋದಲ್ಲಿ ಹೋಗುತ್ತಾರೆ. ತಂಡದಲ್ಲಿ ಯಾರದಾದರೂ ಸ್ವಂತ ಮನೆಗೆ ಸ್ಲ್ಯಾಬ್ ಬೀಳುವುದಿದ್ದರೆ ಅದು ಮುಯ್ಯಿ. ಕೂಲಿ ಇಲ್ಲ, ಹೊಟ್ಟೆ ತುಂಬ ಊಟ ಮಾತ್ರ. ಕಾತರಿನಾ ಎಷ್ಟೋ ಮನೆಗೆ ಹೀಗೆ ಮುಯ್ಯಿ ಹೊತ್ತಿದ್ದಳು. ಈ ಸಲ ಅವಳ ಸರದಿ ಬಂದಿತ್ತು.

ಪಂಚಾಯ್ತಿಯಿಂದ ಮನೆ ಮಂಜೂರಾದಾಗ ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ಕಟ್ಟಬೇಕಾಯಿತು. ಕೆಡವಿದಳು. ಹಿತ್ತಲಲ್ಲಿ ನಾಲ್ಕು ಗಳ ನೆಟ್ಟು, ಮೇಲೆ ತಾಡಪತ್ರಿ ಎಳೆದು ಅದರೊಳಗೆ ಸೇರಿಕೊಂಡಳು. ಅವಳ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಇರುವವಳು ಒಬ್ಬಳೇ ಮಗಳು ಲೀನಾ, ಜೋಯಿಡಾದ ಕಡೆ ಕೊಟ್ಟಿದ್ದು. ಗೋಡೆ ಅರ್ಧಕ್ಕೆ ಬಂದಾಗ ಲೀನಾ ಚೊಚ್ಚಲ ಬಸುರಿ ಎಂಬ ಸುದ್ದಿ ಬಂತು. ಚೊಚ್ಚಲ ಬಾಣಂತನ ತವರಿನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೀನಾಳ ಅತ್ತೆ ಒಮ್ಮೆ ಬಂದು ಆ ತಾಡಪತ್ರಿಯನ್ನು ಕಣ್ಣಾರೆ ನೋಡಿ ಹೋದಳು. ಹೋಗುವಾಗ ನನ್ನ ಗಿರಣಿಯ ಮುಂದೆಯೇ ನಿಂತು ಹೇಳಿದಳು.

"ಮಳಿಗಾಲಕ್ಕ ನೆತ್ತಿ ಮ್ಯಾಲೆ ಮಾಳಗಿ ಬಂದಿದ್ರ ಕರ್ಕೊಂಡ ಹೋಗ್ರಿ. ಇಲ್ಲಾಂದ್ರ ಬಾಣಂತನ ನಮ್ಮಲ್ಲೇ. ತಾಡಪತ್ರಿ ಕೆಳಗ ನಮ್ಮ ಕೂಸು ಮಲಗೂದಿಲ್ಲ."

ಕಾತರಿನಾ ತಲೆಯಾಡಿಸಿದಳು. ಆ ಹೆಂಗಸು ಹೋದ ಮೇಲೆ ಬಹಳ ಹೊತ್ತು ನನ್ನ ಕಟ್ಟೆಯ ಮೇಲೆ ಕೂತಿದ್ದಳು. ಮಗಳಿಗೆ ಬೇರೆಯವರು ಬಾಣಂತಿ ನೀರು ಎರೆಯುತ್ತಾರೆ ಎಂಬುದೇ ಅವಳಿಗೆ ಅವಮಾನ. ಅತ್ತೆ ಹೇಳಿದ್ದರಲ್ಲಿ ತಪ್ಪಿಲ್ಲ ಎಂಬುದು ಅದಕ್ಕಿಂತ ಹೆಚ್ಚಿನ ನೋವು.

ಆಮೇಲೆ ಶುರುವಾಯಿತು ಸಾಮಾನಿನ ಗೋಳು. ಸರಳು ಹುಬ್ಬಳ್ಳಿಯಿಂದ ಬರಬೇಕು, ಬರುವುದಿಲ್ಲ. ಜಲ್ಲಿಖಡಿಗೆ ಹೋದರೆ ಕ್ರಷರ್ ಬಂದ್. ಉಸುಕಿಗೆ ಹೋದರೆ ಪರ್ಮಿಟ್ ಇಲ್ಲ. ದೂರದಲ್ಲೆಲ್ಲೋ ಯುದ್ಧವಂತೆ, ಡೀಸೆಲ್ ಏರಿತಂತೆ, ಅಂಗಡಿಯವನ ಬಾಯಲ್ಲಿ ವಾರಕ್ಕೊಂದು ಕಾರಣ, ವಾರಕ್ಕೊಂದು ದರ. ದರ ಏರುವಾಗ ಮಾತ್ರ ಲಾರಿಗಿಂತ ಮೊದಲು ನಮ್ಮೂರಿಗೆ ಬಂದು ಮುಟ್ಟುತ್ತದೆ, ಇಳಿದದ್ದು ಯಾಕೋ ಹಳಿಯಾಳದಲ್ಲೇ ಉಳಿದುಬಿಡುತ್ತದೆ. ಈಸ್ಟರಿಗೆ ಮೊದಲು ಹಾಕಬೇಕೆಂದಿದ್ದ ಸ್ಲ್ಯಾಬು ಈಸ್ಟರ್ ಕಳೆದರೂ ಬೀಳಲಿಲ್ಲ.

ಸಿಮೆಂಟಿನ ವಿಷಯದಲ್ಲಿ ಮಾತ್ರ ಕಾತರಿನಾ ಹುಷಾರಾಗಿದ್ದಳು. ದರ ಏರುವ ಸೂಚನೆ ಸಿಕ್ಕಾಗಿನಿಂದಲೇ ಅವಳು ಕೆಲಸಕ್ಕೆ ಹೋದ ಮನೆಯ ಮಾಲೀಕರಿಗೆ ಕೂಲಿಯ ಬದಲು ಸಿಮೆಂಟ್ ಚೀಲ ಕೊಡಿ ಎನ್ನುತ್ತಿದ್ದಳು. ಸ್ಲ್ಯಾಬ್ ಮುಗಿದ ಮೇಲೆ ಒಂದೋ ಎರಡೋ ಚೀಲ ಉಳಿದೇ ಉಳಿಯುತ್ತವೆ, ಅವರಿಗೂ ಅದೇ ಹಗುರ. ಹೀಗೆ ಒಂದೊಂದೇ ಚೀಲ ಊರಿಗೆ ಬಂತು. ಇಡುವುದೆಲ್ಲಿ? ತಾಡಪತ್ರಿಯ ಕೆಳಗಿಟ್ಟರೆ ಥಂಡಿ ಹಿಡಿದು ಕಲ್ಲಾಗುತ್ತದೆ. ಅವರ ಓಣಿಯಲ್ಲಿ ಬೀಜದ ಗೋವಿನಜೋಳ, ಕುಂಬಳಕಾಯಿ, ಹುಣಸೆಹಣ್ಣು ಎಲ್ಲ ಇಡುವುದು ಒಲೆಯ ಮೇಲಿನ ಅಟ್ಟದಲ್ಲಿ. ಕೆಳಗಿನ ಕಾವು, ಹೊಗೆ ಎರಡೂ ಸೇರಿ ಅಲ್ಲಿ ಥಂಡಿ ಸುಳಿಯುವುದಿಲ್ಲ. ಕಾತರಿನಾ ಸಿಮೆಂಟನ್ನೂ ಅಲ್ಲೇ ಏರಿಸಿದಳು. ಕಾಶೀಮನ ಅಟ್ಟದಲ್ಲಿ ಕೆಲವು, ನನ್ನ ಗಿರಣಿಯ ಬೆಚ್ಚನೆಯ ಮೂಲೆಯಲ್ಲಿ ಕೆಲವು, ಪಕ್ಕದ ಮನೆಯ ರೀಟಾಳ ಅಟ್ಟದಲ್ಲಿ ಎಲ್ಲಕ್ಕಿಂತ ಹೆಚ್ಚು. ರೀಟಾ ಅವಳ ನೆಗೆಣ್ಣಿ, ಮೈದುನನ ಹೆಂಡತಿ. ಮೈದುನ ಗೋವಾದಲ್ಲಿ ದೋಣಿಯ ಕೆಲಸಕ್ಕಿದ್ದಾನೆ.

ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಕಾತರಿನಾ ಮನೆಮನೆಗೆ ಹೋಗಿ ಗಟ್ಟಿಯಾಗದಂತೆ ತನ್ನ ಚೀಲಗಳ ಮಗ್ಗಲು ಬದಲಿಸುತ್ತಿದ್ದಳು. ತೊಟ್ಟಿಲ ಕೂಸನ್ನು ಮಲಗಿಸುತ್ತೀಯಾ ಎಂದು ನಾನು ಚಾಷ್ಟಿ ಮಾಡಿದರೆ, ಕೂಸು ಬಂದರೆ ಅದು ಮಲಗುವುದೂ ಇವುಗಳ ಕೆಳಗೇ ಅಲ್ಲವೇ ಅನ್ನುತ್ತಿದ್ದಳು. ರೀಟಾಳ ಅಟ್ಟ ಮಾತ್ರ ಎತ್ತರದ್ದು, ಏಣಿ ಹತ್ತಬೇಕಿತ್ತು, ಇವಳ ಮೊಣಕಾಲು ಆಗಲೇ ಕೈಕೊಟ್ಟಿದ್ದವು. ನೀನು ಹತ್ತಬೇಡ ಅಕ್ಕಾ, ನಾನೇ ಹೊರಳಿಸುತ್ತೇನೆ ಅಂದಳು ರೀಟಾ. ಹೊರಳಿಸುತ್ತಲೂ ಇದ್ದಳು. ರೀಟಾಳಲ್ಲಿ ಕಳ್ಳತನವಿಲ್ಲ, ಸೋಮಾರಿತನವೂ ಇಲ್ಲ. ಇದನ್ನು ನಾನು ಈಗಲೇ ಹೇಳಿಬಿಡುತ್ತೇನೆ.

ಕೊನೆಗೆ ಮೇ ತಿಂಗಳಲ್ಲಿ ಸರಳು ಬಂತು, ಖಡಿ ಬಂತು, ಉಸುಕೂ ಬಂತು. ಸೆಂಟ್ರಿಂಗ್ ಹಲಗೆ ಬಡಿದು ಸರಳು ಕಟ್ಟಿದ್ದಾಯಿತು. ಬರುವ ಶನಿವಾರ ಬಿಟ್ಟರೆ ತಂಡ ಮತ್ತೆ ಕೂಡುವುದಿಲ್ಲ, ಮಳೆ ಬಿದ್ದರೆ ಎಲ್ಲರೂ ಅವರವರ ಗದ್ದೆಗೆ ಹೋಗುತ್ತಾರೆ ಎಂದ ರೋಹಿದಾಸ. ಲೀನಾಳಿಗೆ ದಿನ ತುಂಬಲು ಒಂದು ತಿಂಗಳಿತ್ತು. ಹಲಗೆ ಬಿಚ್ಚಿ ಒಳಗೆ ಮಲಗುವಂತಾಗಲು ಅಷ್ಟೇ ಬೇಕು.

ಶನಿವಾರ ಬೆಳಿಗ್ಗೆ ರೋಹಿದಾಸ ಹಿರಿಯರ ಹೆಸರು ಹೇಳಿ ತೆಂಗಿನಕಾಯಿ ಒಡೆದ. ಕಾತರಿನಾ ಶಿಲುಬೆ ಹಾಕಿಕೊಂಡು, ಸೆರಗು ಸಿಂಬಿ ಸುತ್ತಿ, ಮೊದಲ ಬುಟ್ಟಿಯನ್ನು ತಾನೇ ಹೊತ್ತಳು. ಬೇಡವೆಂದರೂ ಕೇಳಲಿಲ್ಲ. ಮನೆಗೆ ಹಿಂದೊಂದು, ಮುಂದೊಂದು ಖೋಲಿ, ನಡುವೆ ಗೋಡೆ. ಹಿಂದಿನ ಖೋಲಿಯ ಮೂಲೆಯಿಂದ ಕಾಂಕ್ರೀಟು ಬೀಳತೊಡಗಿತು. ಮಳೆ ಹನಿದೀತೆಂಬ ಹೆದರಿಕೆಗೆ ಚೀಲಗಳನ್ನು ಒಮ್ಮೆಗೇ ಹೊರಗೆ ತರದೆ, ಬೇಕಾದಷ್ಟನ್ನೇ ತರುತ್ತಿದ್ದರು. ನಮ್ಮ ಅಟ್ಟದವನ್ನು ಕಡೆಗೆ ಒಯ್ಯಿರಿ ಎಂದು ರೀಟಾ ಹೇಳಿದ್ದಳು. ಅದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ.

ನನಗೆ ಕಂಡದ್ದು ಬೇರೆ. ಅಡುಗೆಗೆ ಕೈಹಚ್ಚಬೇಕಾದ ರೀಟಾ ಗಳಿಗೆಗೊಮ್ಮೆ ರಸ್ತೆಯ ತಿರುವಿಗೆ ಹೋಗಿ ನಿಲ್ಲುತ್ತಿದ್ದಳು. ಯಾರ ದಾರಿ ಕಾಯ್ತೀ ಎಂದು ಕೇಳಿದೆ. ಹಳಿಯಾಳದ ಅಂಗಡಿಯಿಂದ ಸಿಮೆಂಟಿನ ಗಾಡಿ ಬರುವುದಿದೆ ಅಂದಳು. ಸಿಮೆಂಟು ಯಾರಿಗೆ ಅಂದೆ. ಅವಳು ಮತ್ತೆ ರಸ್ತೆ ನೋಡಿದಳು.

ಮಧ್ಯಾಹ್ನದ ಹೊತ್ತಿಗೆ ಪಡುವಣ ಕಡೆ, ಕುಳಗಿಯ ಕಾಡಿನ ಮೇಲೆ ಮೋಡ ಕಪ್ಪಾಗತೊಡಗಿತು. ಗಿರಣಿಯ ಚೀಲ ಮುಗಿದವು, ಕಾಶೀಮನ ಅಟ್ಟದವೂ ಮುಗಿಯುತ್ತ ಬಂದವು. ಇಬ್ಬರು ರೀಟಾಳ ಮನೆಗೆ ಹೋಗಿ ಅಟ್ಟ ಹತ್ತಿದರು. ಒಬ್ಬ ಚೀಲವನ್ನು ಹೆಗಲಿಗೇರಿಸಿದವನು ತಕ್ಷಣ ಕೆಳಗಿಳಿಸಿದ. ಇನ್ನೊಂದನ್ನು ಮುಟ್ಟಿ ನೋಡಿದ. ಆಮೇಲೆ ಒಂದನ್ನು ಅಟ್ಟದ ಮೇಲಿಂದ ಕೆಳಗೆ ಬಿಟ್ಟ. ಬಿದ್ದ ಚೀಲ ಒಡೆಯಲಿಲ್ಲ, ಪುಡಿ ಹಾರಲಿಲ್ಲ. ಧಡ್ ಎಂದು ಸದ್ದಾಯಿತು, ಸಗಣಿ ಸಾರಿಸಿದ ನೆಲದಲ್ಲಿ ಕುಳಿ ಬಿತ್ತು.

ಅಷ್ಟೂ ಚೀಲಗಳು ಕಲ್ಲಾಗಿದ್ದವು. ಮಿಕ್ಸರ್ ಬರೀ ತಿರುಗುತ್ತಿತ್ತು. ಕಾತರಿನಾ ಬಾಗಿಲಲ್ಲಿ ನಿಂತು ಒಮ್ಮೆ ಆ ಚೀಲವನ್ನು, ಒಮ್ಮೆ ರೀಟಾಳನ್ನು ನೋಡಿದಳು.

"ವಾರಾ ವಾರಾ ಹೊರಳಿಸೇನಿ, ಅಕ್ಕಾ," ಅಂದಳು ರೀಟಾ. "ಆದ್ರ ಒಲಿ ಹಚ್ಚಿಲ್ಲ. ಗ್ಯಾಸ್ ಬಂದ ಮ್ಯಾಲೆ ಒಲಿ ಹಚ್ಚೇ ಇಲ್ಲ ನಾನು."

ಹೌದಲ್ಲ. ಚಳಿಗಾಲದಲ್ಲಿ ರೀಟಾಳ ಮನೆಗೆ ಗ್ಯಾಸ್ ಬಂದಿತ್ತು. ಅದರ ಮೊದಲ ಚಹಾವನ್ನು ಕಾತರಿನಾ ಕುಡಿದಿದ್ದಳು, ನಾನೂ ಕುಡಿದಿದ್ದೆ. ಹೊಗೆ ತಪ್ಪಿತು, ಕಣ್ಣುರಿ ತಪ್ಪಿತು ಎಂದು ಹೊಗಳಿ ಬಂದಿದ್ದೆವು. ಕೆಳಗೆ ಒಲೆ ಆರಿದರೆ ಮೇಲೆ ಅಟ್ಟವೂ ಆರಿದಂತೆ ಎಂಬುದು ಅಷ್ಟು ಜನರಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಹೆಂಚಿನ ಸಂದಿಯ ಮಂಜು ಅಷ್ಟೂ ದಿನ ಆ ಚೀಲಗಳಿಗೆ ಇಳಿದಿತ್ತು. ಹೊರಳಿಸುವಾಗ ಗಟ್ಟಿಯಾದದ್ದು ರೀಟಾಳಿಗೆ ಗೊತ್ತಾಗಿತ್ತು. ಹೇಳಲು ಹೆದರಿ, ಅಷ್ಟೇ ಚೀಲ ಹೊಸದಾಗಿ ತಂದಿಟ್ಟುಬಿಡುತ್ತೇನೆಂದು ಅಂಗಡಿಗೆ ಎಡತಾಕಿದ್ದಳು. ಲೋಡು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಅವರು ಸಾಗಹಾಕಿದ್ದರು. ನನಗೆ ಬಂದ ಸಿಟ್ಟಿಗೆ ಅವಳ ಕೆನ್ನೆಗೆ ಎರಡು ಬಿಡಬೇಕೆನಿಸಿತು. ಒಂದು ವಾರ ಮೊದಲು ಬಾಯಿ ಬಿಟ್ಟಿದ್ದರೆ ನಾಲ್ಕು ಊರು ತಿರುಗಿಯಾದರೂ ತರುತ್ತಿದ್ದೆವು.

ಮೇಲಿನಿಂದ ರೋಹಿದಾಸ ಕೂಗಿದ.

"ಕಾತರಿನಾ, ಈಗ ಹೇಳು. ಇಲ್ಲೇ ನಿಲ್ಲಸೂದಾದ್ರ ನಡಗೋಡಿ ಮ್ಯಾಲೆ ಮುಗಸ್ತೇನಿ. ಗೋಡಿ ದಾಟಿ ನಡುವ ನಿಂತ್ರ ಮುಂದ ಅಲ್ಲೇ ಬಿರುಕ ಬಿಡತೈತಿ."

ಗಾಡಿ ಬಂದೀತು, ಸ್ವಲ್ಪ ಕಾಯೋಣ ಎಂದು ಯಾರೋ ಅಂದರು. ಕಾತರಿನಾ ರಸ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ತಾನು ಬುಟ್ಟಿ ಹೊತ್ತ ಮನೆಗಳಲ್ಲಿ ಹೀಗೆ ಕಾಯುತ್ತ ಕೂತು ಕೆಟ್ಟ ಸ್ಲ್ಯಾಬುಗಳನ್ನು ಅವಳು ನೋಡಿದ್ದಳು. ಮುಂದಿನ ಖೋಲಿಯ ಮೇಲೆ ಕಟ್ಟಿದ ಸರಳುಗಳನ್ನು ನೋಡಿದಳು. ಅಷ್ಟು ತಿಂಗಳ ಕೂಲಿಯೆಲ್ಲ ಅಲ್ಲಿತ್ತು.

"ಹಿಂದಿನ ಖೋಲಿ ಮುಗಸು, ರೋಹಿದಾಸ," ಅಂದಳು. "ಬಾಣಂತಿಗೆ ಒಂದ ಖೋಲಿ ಸಾಕು."

ಉಳಿದ ಚೀಲಗಳಲ್ಲಿ ನಡುಗೋಡೆಯವರೆಗೆ ಹೇಗೋ ಮುಟ್ಟಿತು. ರೋಹಿದಾಸ ಅಂಚಿಗೆ ಹಲಗೆ ಕೊಟ್ಟು, ಮೇಲೆ ಮಟ್ಟ ಎಳೆದು ಏಳುವಷ್ಟರಲ್ಲಿ ಗಾಳಿ ಎದ್ದಿತು. ಹಸಿ ಕಾಂಕ್ರೀಟಿನ ಮೇಲೆ ಜೋರು ಮಳೆ ಬಿದ್ದರೆ ಸಿಮೆಂಟು ತೊಳೆದು ಹೋಗಿ ಖಡಿ ಮಾತ್ರ ಉಳಿಯುತ್ತದೆ. ಹೊದಿಸಲು ತಂದಿದ್ದ ಪ್ಲಾಸ್ಟಿಕ್ ಗಾಳಿಗೆ ಹರಿದು ಚಿಂದಿಯಾಯಿತು. ಕಾತರಿನಾ ಹಿತ್ತಲಿಗೆ ಹೋದಳು. ತಾನು ವಾಸವಾಗಿದ್ದ ಗುಡಿಸಲಿನ ಹಗ್ಗವನ್ನು ಕುಡುಗೋಲಿನಿಂದ ಕೊಯ್ದು ತಾಡಪತ್ರಿಯನ್ನು ಎಳೆದಳು. ಅವಳ ಹಾಸಿಗೆ, ಪಾತ್ರೆ, ಮಾತೆಯ ಫೋಟೋ ಎಲ್ಲ ಬಯಲಿಗೆ ಬಿದ್ದವು. ತಾಡಪತ್ರಿ ಏಣಿ ಹತ್ತಿ ಸ್ಲ್ಯಾಬಿನ ಮೇಲೆ ಹೋಯಿತು. ನಾಲ್ಕು ಮೂಲೆಗೆ ಕಲ್ಲು ಹೇರುವಾಗಲೇ ಮಳೆ ಸುರಿಯಿತು.

ತಂಡದವರು ಸಿಕ್ಕ ಸಿಕ್ಕ ಜಗಲಿಯಲ್ಲಿ ನಿಂತು ಉಂಡರು. ನಾನು ಕಾತರಿನಾಳ ಹಾಸಿಗೆಯನ್ನು ಎತ್ತಿಕೊಂಡು ನಮ್ಮ ಮನೆಗೇ ಬಾ ಎಂದು ಕರೆದೆ. ಅವಳು ನನ್ನ ಕೈಯಿಂದ ಹಾಸಿಗೆ ತೆಗೆದುಕೊಂಡು ನೆಟ್ಟಗೆ ರೀಟಾಳ ಮನೆಯೊಳಗೆ ನಡೆದಳು. ಜಗಳ ನಡೆದರೆ ಬಿಡಿಸಬೇಕಲ್ಲ ಎಂದು ನಾನೂ ಹಿಂದೆಯೇ ಹೋದೆ. ಬಿಡಿಸುವ ಮನಸ್ಸು ನನಗೆ ಅಷ್ಟಾಗಿ ಇರಲಿಲ್ಲ.

ರೀಟಾ ಗೋಡೆಗೆ ಒರಗಿ ನಿಂತಿದ್ದಳು. ಕಾತರಿನಾ ಅವಳ ಪಕ್ಕದಲ್ಲೇ ಹಾಸಿಗೆ ಇಳಿಸಿದಳು. ಮೊಣಕಾಲು ಹಿಡಿದುಕೊಂಡು ಆ ತಣ್ಣನೆಯ ಒಲೆಯ ಮುಂದೆ ಕೂತಳು. ಒಳಗೆ ತುಂಬಿಟ್ಟಿದ್ದ ಉಳ್ಳಾಗಡ್ಡಿ, ಹಳೆಯ ಡಬ್ಬಿ ಎಲ್ಲ ಹೊರಗೆ ತೆಗೆದಳು. ತೆಂಗಿನ ಸಿಪ್ಪೆ ಒಟ್ಟಿ ಕಡ್ಡಿ ಗೀರಿದಳು. ಒದ್ದೆ ಒಲೆ ಮೊದಲು ಬರೀ ಹೊಗೆ ಕಾರಿತು, ನಮ್ಮ ಮೂವರ ಕಣ್ಣಲ್ಲೂ ನೀರು ಬಂತು. ಅದರಲ್ಲಿ ಹೊಗೆಯದೆಷ್ಟು ಎಂದು ನಾನು ಹೇಳಲಾರೆ. ಉರಿ ಹತ್ತಿದ ಮೇಲೆ ಕಾತರಿನಾ ತಲೆ ಎತ್ತದೆ ಹೇಳಿದಳು.

"ಇನ್ನ ಇದನ್ನ ಆರಸಬ್ಯಾಡ. ಲೀನಾಗ ಎರಿಯಾಕ ನೀರ ಇಲ್ಲೇ ಕಾಸೂಣು."

ಸಿಮೆಂಟಿನ ಗಾಡಿ ಮರುದಿನ, ತಂಡ ಗದ್ದೆಗಳಿಗೆ ಚದುರಿದ ಮೇಲೆ ಬಂತು, ಹೊಸ ದರದೊಂದಿಗೆ. ಡ್ರೈವರ್ ನನ್ನ ಗಿರಣಿಯ ಮುಂದೆ ನಿಲ್ಲಿಸಿ ದಾರಿ ಕೇಳಿದ. ನಾನು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಮುಂದಿನ ಖೋಲಿಯ ಸರಳುಗಳಿಗೆ ತುಕ್ಕು ಹಿಡಿಯದಂತೆ ಸಿಮೆಂಟಿನ ನೀರು ಬಳಿದು, ಅವುಗಳ ಮೇಲೆ ಗಳ ಕಟ್ಟಿ, ಹಳೆಯ ಮನೆಯ ಹೆಂಚನ್ನೇ ಹೊದಿಸಿದರು. ಈ ಮಳೆಗಾಲಕ್ಕೆ ಅರ್ಧ ಮಾಳಿಗೆ, ಅರ್ಧ ಹೆಂಚು. ಕಲ್ಲಾದ ಚೀಲಗಳನ್ನು ಎಸೆಯಲು ಕಾತರಿನಾ ಬಿಡಲಿಲ್ಲ. ಬುನಾದಿ ಎತ್ತರವಿದ್ದುದರಿಂದ ಬಾಗಿಲಿಗೆ ಮೆಟ್ಟಿಲು ಬೇಕಿತ್ತು, ರೋಹಿದಾಸ ಅವನ್ನೇ ಒಂದರ ಮೇಲೊಂದು ಜೋಡಿಸಿ ಮೆಟ್ಟಿಲು ಮಾಡಿದ. ಚೀಲದ ಹೊಲಿಗೆಯ ಗುರುತು ಸಹಿತ ಅವುಗಳ ಮೇಲೆ ಕಾಣುತ್ತದೆ. ಎಲ್ಲರೂ ಅದನ್ನು ತುಳಿದುಕೊಂಡೇ ಓಡಾಡುತ್ತಿದ್ದರು, ರೀಟಾ ಒಬ್ಬಳನ್ನು ಬಿಟ್ಟು. ಅವಳು ಪಕ್ಕದಲ್ಲಿ ಬುನಾದಿಯ ಕಟ್ಟೆಗೆ ಕೈಯೂರಿ ಒಮ್ಮೆಲೇ ಮೇಲೆ ಹಾರುತ್ತಿದ್ದಳು, ಇಳಿಯುವಾಗಲೂ ಹಾಗೆಯೇ. ಕಾತರಿನಾ ಅದನ್ನು ನೋಡುತ್ತಿದ್ದಳು. ಆ ಇಡೀ ತಿಂಗಳು ರೀಟಾ ಒಲೆಯನ್ನು ಆರಗೊಡಲಿಲ್ಲ.

ಜೂನಿನಲ್ಲಿ ಮಿರಗದ ಮಳೆ ಹಿಡಿದಾಗ ಹಳಿಯಾಳದ ಆಸ್ಪತ್ರೆಯಲ್ಲಿ ಲೀನಾ ಹೆಣ್ಣು ಹೆತ್ತಳು. ಅವಳ ಅತ್ತೆಯೂ ಜೊತೆಗೇ ಬಂದಳು. ಮನೆ ಮುಂದೆ ಟೆಂಪೋ ನಿಂತ ಕೂಡಲೇ ಆಕೆ ಮೊದಲು ಒಳಗೆ ಹೋಗಿ, ಹಿಂದಿನ ಖೋಲಿಯ ಗೋಡೆಯನ್ನು ಗೆಣ್ಣಿನಿಂದ ಬಡಿದು, ಮೇಲೆ ನೋಡಿ, ನೆಲ ಮುಟ್ಟಿ ಹೊರಗೆ ಬಂದಳು. ಥಂಡಿ ಇಲ್ಲ ಎಂದು ಅಷ್ಟೇ ಹೇಳಿದಳು. ನಮಗೆ ಅಷ್ಟು ಸಾಕಿತ್ತು.

ಬಾಗಿಲಲ್ಲಿ ತಾಯಿಗೂ ಮಗುವಿಗೂ ನೀರು ನಿವಾಳಿಸಬೇಕು. ಚೆಂಬು ನನ್ನ ಕೈಯಲ್ಲಿತ್ತು, ಕೂಸು ಕಾತರಿನಾಳ ಕೈಯಲ್ಲಿ. ನಾನೇ ನಿವಾಳಿಸುತ್ತೇನೆ ಅಂದೆ. ಅವಳು ಬೇಡವೆಂದು ಚೆಂಬು ಇಸಿದುಕೊಂಡು, ಹಿಂದೆ ನಿಂತಿದ್ದ ರೀಟಾಳ ಕಡೆ ತಿರುಗಿ ಕೂಸನ್ನು ಅವಳ ತೋಳಿಗೆ ಹಾಕಿಬಿಟ್ಟಳು. ಮೂರು ಸುತ್ತು ನಿವಾಳಿಸಿ ನೀರನ್ನು ಆಚೆ ಚೆಲ್ಲಿದಳು.

"ಒಳಗ ಒಯ್ಯಿ," ಅಂದಳು.

ಕೂಸನ್ನೆತ್ತಿಕೊಂಡು ಕಟ್ಟೆ ಹಾರಲು ಬರುವುದಿಲ್ಲ. ರೀಟಾ ಬಾಗಿಲನ್ನು ನೋಡಿದಳು, ಕಾತರಿನಾಳನ್ನು ನೋಡಿದಳು. ಆಮೇಲೆ ಕೂಸನ್ನು ಎದೆಗೆ ಒತ್ತಿಕೊಂಡು ಮೊದಲ ಚೀಲದ ಮೇಲೆ ಕಾಲಿಟ್ಟಳು.