ತುಟಿ ಅಕ್ಷರಗಳ ಕಳ್ಳಾಟ

ನಾನು ಹುಟ್ಟಾ ಸಂಶಯದವಳು. ತರಕಾರಿಯವಳು ತಕ್ಕಡಿ ಎತ್ತಿದರೆ ನನ್ನ ಕಣ್ಣು ಮುಳ್ಳಿನ ಮೇಲೆ. ಆಳಂದದ ಬಸ್ಸಿನಲ್ಲಿ ಪಕ್ಕದವರು ತೂಕಡಿಸಿದರೆ ನನ್ನ ಕೈ ಚೀಲದ ಮೇಲೆ. ಇಂಥವಳನ್ನು ಎಂಬತ್ತರ ದಶಕದಲ್ಲಿ ಮಾದನಹಿಪ್ಪರಗಾದ ಆಚೆಗಿನ ಒಂದು ಸಣ್ಣ ಹಳ್ಳಿಗೆ, ಒಂದನೇ ತರಗತಿಗೆ ಶಿಕ್ಷಕಿಯಾಗಿ ಹಾಕಿದರು. ಆರು ವರ್ಷದ ಮಕ್ಕಳು ಮುಗ್ಧರು ಅನ್ನುವವರು ಒಂದು ದಿನ ಅವರೆದುರು ಬಳಪ ಹಿಡಿದು ನಿಂತು ನೋಡಬೇಕು!

ಕ ಖ ಗ ಘ ಎಂದು ರಾಗವಾಗಿ ಒಪ್ಪಿಸುವುದನ್ನು ನಾನು ನಂಬುತ್ತಿರಲಿಲ್ಲ. ಅದೆಲ್ಲ ಬರೀ ಬಾಯಿಪಾಠ. ನಾನು ಒಂದು ಸದ್ದು ಹೇಳಬೇಕು, ಅವರು ಆ ಅಕ್ಷರವನ್ನು ಪಾಟಿಯ ಮೇಲೆ ಬರೆದು ಎತ್ತಿ ತೋರಿಸಬೇಕು. ತುಟಿ ಮುಚ್ಚಿ ತೆರೆಯುವ ಪ, ಬ, ಮ ಬಂದಾಗ ಎಲ್ಲರಿಗೂ ಗೊಂದಲ. ಅದಕ್ಕೊಂದು ಉಪಾಯ ಮಾಡಿದ್ದೆ. ಪ ಅನ್ನುವಾಗ ಬಾಯಿಯ ಮುಂದೆ ಅಂಗೈ ಹಿಡಿಯಿರಿ, ಉಸಿರು ತಾಕುತ್ತದೆ. ಬ ಅನ್ನುವಾಗ ಗಂಟಲ ಮೇಲೆ ಕೈಯಿಡಿ, ಒಳಗೆ ಗುಂಯ್ ಅನ್ನುತ್ತದೆ. ಮ ಅನ್ನುವಾಗ ಮೂಗು ಮುಟ್ಟಿ, ಅದೇ ನಡುಗುತ್ತದೆ. ಮಕ್ಕಳಿಗೆ ಇದು ದೊಡ್ಡ ಆಟವಾಯಿತು.

ದೀಪಾವಳಿ ರಜೆಯ ನಂತರ ಹೊಸ ಹುಡುಗಿಯೊಬ್ಬಳು ಸೇರಿದಳು. ಜೇವರ್ಗಿ ಕಡೆಯ ತಂದೆತಾಯಿಯನ್ನು ಬಿಟ್ಟು ಅಜ್ಜಿಯ ಮನೆಗೆ ಬಂದವಳು. ಆ ಅಜ್ಜಿ, ಊರೆಲ್ಲ ಆಯಿ ಎಂದು ಕರೆಯುತ್ತಿದ್ದ ಮುದುಕಿ, ಹುಡುಗಿಯನ್ನು ಮೊದಲ ಸಾಲಿನಲ್ಲೇ ಕೂರಿಸಬೇಕೆಂದು ಹಟ ಹಿಡಿದಳು. ಕೂರಿಸಿದ ಮೇಲೂ ಮನೆಗೆ ಹೋಗದೆ ದಿನಾ ಬಾಗಿಲ ಬಳಿ ಕೂತಳು. ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಯಾಕೆ ಈ ಕಾವಲು? ನಾನೇನು ಮಕ್ಕಳನ್ನು ನುಂಗುತ್ತೇನೆಯೇ?

ಹುಡುಗಿ ಚುರುಕಾಗಿದ್ದಳು. ರ, ಲ, ವ ಎಂದರೆ ತಟ್ಟನೆ ಬರೆಯುತ್ತಿದ್ದಳು. ಪ, ಬ, ಮ ಬಂತೋ, ಕಣ್ಣು ಅತ್ತಿತ್ತ ಓಡುತ್ತಿತ್ತು. ಪಕ್ಕದ ಜಡೆಯ ಹುಡುಗಿ ಮೆಲ್ಲಗೆ ಮೂಗು ಮುಟ್ಟಿಕೊಳ್ಳುತ್ತಿದ್ದಳು. ಇವಳ ಪಾಟಿಯ ಮೇಲೆ ಮ ಮೂಡುತ್ತಿತ್ತು. ಆಹಾ, ನಾನು ಹೇಳಿಕೊಟ್ಟ ವಿದ್ಯೆ ನನಗೇ ತಿರುಗಿಬಿತ್ತು! ಪಕ್ಕದವರಿಗೆ ಕದ್ದು ಹೇಳಿಕೊಡುವುದೆಂದರೆ ನನಗೆ ಮೈಯೆಲ್ಲ ಉರಿ. ಜಡೆಯವಳನ್ನು ಹಿಂದಿನ ಗೋಡೆಯ ಬಳಿ ಒಂಟಿ ಕಾಲಲ್ಲಿ ನಿಲ್ಲಿಸಿ, ಆಮೇಲೆ ಹಿಂದಿನ ಸಾಲಿಗೆ ಹಾಕಿದೆ. ಅಂದಿನಿಂದ ಹೊಸ ಹುಡುಗಿ ಮ ಅಂದರೆ ಬ, ಬ ಅಂದರೆ ಪ ಬರೆಯತೊಡಗಿದಳು. ರ, ಲ, ವ ಸರಿಯಾಗಿ ಬರೆಯುವವಳು ಈ ಮೂರರಲ್ಲೇ ತಪ್ಪುವುದೆಂದರೆ? ಬೇಕಂತಲೇ ನನ್ನನ್ನು ಆಡಿಸುತ್ತಿದ್ದಾಳೆ ಎಂದುಕೊಂಡೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.

ಶಾಲೆಯ ಪಕ್ಕದ ಕಣದಲ್ಲಿ ತೊಗರಿ ಬಡಿದು ತೂರುವ ರಾಶಿ ನಡೆದಿತ್ತು. ಒಂದು ಬೆಳಿಗ್ಗೆ ಗಾಳಿ ತಿರುಗಿ ಹೊಟ್ಟಿನ ಧೂಳೆಲ್ಲ ತರಗತಿಯ ಒಳಗೆ ನುಗ್ಗಿತು. ಕೆಮ್ಮು ತಡೆಯಲಾರದೆ ಬಾಯಿಗೆ ಸೆರಗು ಕಟ್ಟಿಕೊಂಡೇ ಪಾಠ ಮುಂದುವರಿಸಿದೆ. ರ ಎಂದೆ. ಎಲ್ಲರೂ ಬರೆದರು, ಅವಳೊಬ್ಬಳು ಬರೆಯಲಿಲ್ಲ. ಲ ಎಂದೆ. ನನ್ನ ಸೆರಗನ್ನೇ ನೋಡುತ್ತ ಕೂತಳು. ನಾನು ಸದ್ದಿಲ್ಲದೆ ಅವಳ ಬೆನ್ನ ಹಿಂದೆ ಹೋಗಿ, ಶಾಲೆ ಬಿಡುವಾಗ ಬಾರಿಸುವ ಕಬ್ಬಿಣದ ತುಂಡನ್ನು ಠಣ್ ಎಂದು ಬಾರಿಸಿದೆ. ಮಕ್ಕಳೆಲ್ಲ ಬೆಚ್ಚಿ ತಿರುಗಿದರು. ಅವಳು ತಿರುಗಲಿಲ್ಲ.

ಬಾಗಿಲಲ್ಲಿದ್ದ ಆಯಿ ಎದ್ದು ನಿಂತಳು.

“ಏನ್ ಆಯಿ ಇದು? ನನಗ್ಯಾಕ ಹೇಳಲಿಲ್ಲ?”

“ಜ್ವರ ಬಂದು ಹೋದ ಮ್ಯಾಲ ಕಿವಿ ಹೋದ್ವು ಅಕ್ಕೋರ. ಬಾಯಿ ನೋಡಿ ತಿಳ್ಕೋತಾಳ. ಜೇವರ್ಗಿ ಕಡಿ ಸಾಲ್ಯಾಗ ಖರೇ ಹೇಳಿದ್ವಿ. ಇಕಿ ಇಲ್ಲಿಗಿ ಬ್ಯಾಡ, ಮನ್ಯಾಗ ಇಟ್ಕೋರಿ ಅಂತ ಕಳಿಸಿದ್ರು. ನೀವೂ ಕಳಿಸ್ತೀರೇನ್ರಿ?”

ನನಗೆ ಸಿಟ್ಟು ಬಂತು. ಆಯಿಯ ಮೇಲಲ್ಲ, ಕಳಿಸಿದವರ ಮೇಲೆ. “ಕೂಡ್ರು ಅಲ್ಲೇ” ಎಂದು ಗದರಿ, ಹುಡುಗಿಯನ್ನು ಹತ್ತಿರ ಕರೆದೆ. ಬರೀ ತುಟಿ ನೋಡುವ ಕಣ್ಣಿಗೆ ಪ, ಬ, ಮ ಮೂರೂ ಒಂದೇ. ಅವಳ ಪುಟ್ಟ ಕೈಯನ್ನು ನನ್ನ ಗಂಟಲ ಮೇಲಿಟ್ಟು ಬ ಎಂದೆ. ನನ್ನ ಮೂಗಿನ ಮೇಲಿಟ್ಟು ಮ ಎಂದೆ. ಅಂಗೈ ಮೇಲೆ ಪ ಎಂದು ಉಸಿರು ಬಿಟ್ಟೆ. ಅವಳ ಮುಖ ಅರಳಿತು. ಜಡೆಯವಳನ್ನು ಮತ್ತೆ ಅವಳ ಪಕ್ಕಕ್ಕೆ ಕೂರಿಸಿದೆ. ಹೊಸ ಹುಡುಗಿಯ ಕಿವಿಯ ವಿಷಯ ಇಡೀ ತರಗತಿಗೆ ಮೊದಲ ವಾರದಿಂದಲೇ ಗೊತ್ತಿತ್ತಂತೆ! ಎಲ್ಲರನ್ನೂ ಶಂಕಿಸುವ ನನಗೆ ಮಾತ್ರ ಗೊತ್ತಿರಲಿಲ್ಲ.

ವರ್ಷದ ಕೊನೆಗೆ ತಪಾಸಣೆಗೆ ಸಾಹೇಬರು ಬಂದರು. ನಯವಾಗಿ ನಗುವ ಮನುಷ್ಯ. ಆ ನಗೆಯನ್ನೂ ನಾನು ನಂಬಲಿಲ್ಲ. ವಿಷಯ ತಿಳಿದರೆ ಇವರೂ ಹುಡುಗಿಯನ್ನು ಮನೆಗೆ ಅಟ್ಟಿದರೆ? ಆಯಿಗೆ ಅಂದು ಬರಬೇಡ ಎಂದಿದ್ದೆ, ಆದರೂ ಕಿಟಕಿಯಾಚೆ ಅವಳ ಸೀರೆ ಕಾಣುತ್ತಿತ್ತು.

“ನಾನು ಹೇಳ್ತೇನಿ, ನೀವು ಬರೀರಿ” ಎಂದು ಸಾಹೇಬರು ಮಕ್ಕಳ ಹಿಂದೆ ಹೋಗಿ ನಿಂತರು. ಬೆನ್ನ ಹಿಂದಿನ ಬಾಯಿಯನ್ನು ಅವಳು ಹೇಗೆ ನೋಡಬೇಕು? ಜಡೆಯವಳು ಮಿಸುಕುವಂತಿರಲಿಲ್ಲ, ಸಾಹೇಬರ ಕಣ್ಣು ಅವಳ ತಲೆಯ ಮೇಲೇ ಇತ್ತು.

“ರ” ಎಂದರು ಸಾಹೇಬರು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನನ್ನ ತುಟಿಗಳು ತಾವಾಗಿಯೇ, ಸದ್ದಿಲ್ಲದೆ, ರ ಎಂದವು. ಅವಳು ಬರೆದಳು. “ಮ” ಎಂದರು. ತುಟಿ ಅಲುಗಿಸಿ ಮೂಗು ಮುಟ್ಟಿಕೊಂಡೆ. “ಬ.” ಗಂಟಲು ಸವರಿಕೊಂಡೆ. ಪಾಟಿಗಳು ಮೇಲೆದ್ದವು.

“ಅಕ್ಕೋರ, ಆರಾಮ ಇಲ್ಲೇನ್ರಿ?”

“ನೆಗಡಿ ಆಗ್ಯಾದ್ರಿ ಸಾಹೇಬರ. ಗಂಟಲ ಹಿಡದಾದ.”

ಅವರು ಹುಡುಗಿಯ ಪಾಟಿ ನೋಡಿ, “ಶ್ಯಾಣ್ಯಾಕಿ ಅದಾಳ” ಎಂದು ತಲೆ ಸವರಿ, ಮುಂದಿನ ತರಗತಿಗೆ ನಡೆದರು. ಕಿಟಕಿಯಾಚೆ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕುರ್ಚಿಯಲ್ಲಿ ಕುಸಿದು ಕೂತೆ.

ಜಡೆಯವಳು ಎದ್ದು ಹತ್ತಿರ ಬಂದು, ಬಾಗಿಲ ಕಡೆ ಒಮ್ಮೆ ನೋಡಿ, ಪಿಸುಗುಟ್ಟಿದಳು:

“ಅಂಜಬ್ಯಾಡ್ರಿ ಅಕ್ಕೋರ. ನೀವು ಹೇಳಿಕೊಟ್ಟಿದ್ದು ನಾವು ಯಾರಿಗೂ ಹೇಳಂಗಿಲ್ಲ.”